ಹಲ್ಲಿಲ್ಲದವನ ಭಾನುವಾರ

ದುಗ್ಗಪ್ಪನ ಬಾಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲನ್ನೂ
ದುರ್ಗಿಗುಡಿಯ ಡಾಕ್ಟರಮ್ಮ ಎರಡು ವಾರದಲ್ಲಿ ಕಿತ್ತು
ಮಾತ್ರೆಯ ಡಬ್ಬಿಯಲ್ಲಿ ಹಾಕಿ ಕೈಗೆ ಕೊಟ್ಟರಂತೆ.
ಒಸಡು ಮಾಗಲು ಮೂರು ತಿಂಗಳು. ಅಲ್ಲಿವರೆಗೆ ಗಂಜಿ.
ಗಂಜಿ ಅನ್ನುವಾಗ ಅವನ ಮುಖ
ಸೀಮೆಎಣ್ಣೆ ಬೆರೆತ ಡೀಸೆಲ್ ಕುಡಿದ ಲಾರಿಯಂತಿತ್ತು.

ಮೂವತ್ತು ವರ್ಷದಿಂದ ನಮಗೆ ಭಾನುವಾರ ಅಂದರೆ
ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡು, ಅವನ ಲಾರಿಯ ನೆರಳು,
ಅಲ್ಯೂಮಿನಿಯಂ ದಬರಿಯಲ್ಲಿ ಹಂದಿ.
ಹೊಸನಗರದ ಕಡೆ ಅವರ ಮನೆಯಲ್ಲಿ ಅದು ಒಳಗೆ ಬರುವಂತಿಲ್ಲ:
ಕೊಟ್ಟಿಗೆಯಾಚೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು,
ತಿಂದವನು ಮಿಂದು ಬರಬೇಕು.
ನಮ್ಮಲ್ಲಿ ಹಾಗೇನಿಲ್ಲ, ಕ್ರಿಸ್‌ಮಸ್ಸಿಗೆ ಪಾದ್ರಿಗೇ ಬಡಿಸುತ್ತೇವೆ.
ಆದರೂ ಶೆಡ್ಡಿನ ರುಚಿ ಬೇರೆ;
ಚೂರು ಗ್ರೀಸು ಬಿದ್ದಿರಬಹುದು.

ಅವನು ಜಗಿಯುವುದನ್ನು ಕೇಳಬೇಕು.
ಚರ್ಮ, ನೆಣ, ಮೂಳೆಯ ತುದಿ, ಒಂದೊಂದಕ್ಕೂ ಒಂದು ಸದ್ದು.
ಯಾವ ಕಡೆಯ ದವಡೆ ಕೈಕೊಡುತ್ತಿದೆ ಎಂದು
ನನಗೆ ಮೊದಲೇ ಗೊತ್ತಾಗಿತ್ತು,
ಸವೆದ ಬೇರಿಂಗು ಗೊತ್ತಾಗುವ ಹಾಗೆ.
ಹೇಳಲಿಲ್ಲ.

ಪಾತ್ರೆ ಬಂದದ್ದು ಕ್ಲಚ್‌ಪ್ಲೇಟಿನ ಬಿಲ್ಲಿಗೆ ಬದಲಾಗಿ.
ಓಮ್ನಿಯಲ್ಲಿ ತಿಂಡಿ ಮಾರಲು ಹೋಗಿ ಕೈ ಸುಟ್ಟುಕೊಂಡ ಹುಡುಗ
"ದುಡ್ಡಿಲ್ಲ ಮೇಸ್ತ್ರಿ, ಇದನ್ನಿಟ್ಕೊಳ್ಳಿ" ಅಂದಿದ್ದ.
ಮೊಟ್ಟೆಯಾಕಾರದ ಪಿಂಗಾಣಿ, ಗಾಜಿನ ಮುಚ್ಚಳ, ಒಂದು ವಯರು.
ಸ್ಲೋ ಕುಕ್ಕರಂತೆ. ಕುಕ್ಕರು, ಆದರೆ ಸೀಟಿ ಇಲ್ಲ.
ವರ್ಷವಿಡೀ ಅದರಲ್ಲಿ ನಟ್ಟು ಬೋಲ್ಟು ಹಾಕಿಟ್ಟಿದ್ದೆ.

ಶನಿವಾರ ಸಂಜೆ ಸೋಪು ಹಾಕಿ ನಾಲ್ಕು ಸಲ ಉಜ್ಜಿದೆ.
ಎರಡು ಕಿಲೋ ಹೆಗಲಿನ ಮಾಂಸ, ನೆಣ ತೆಗೆಯದೆ.
ಶುಂಠಿ, ಬೆಳ್ಳುಳ್ಳಿ, ಹುರಿದು ಕುಟ್ಟಿದ ಕಾಳುಮೆಣಸು,
ಸೂಜಿಮೆಣಸು ಒಂದು ಹಿಡಿ.
"ಅವರ ಒಸಡು ಇನ್ನೂ ಹಸಿ" ಅಂದಳು ಜಸಿಂತಾ.
ಸರಿ, ಅರ್ಧ ಹಿಡಿ.
ಅವಳ ಜಾಡಿಯಿಂದ ಉಪ್ಪಾಗೆಯ ಕಪ್ಪು ಹುಳಿ,
ಹುಳಿಯ ಸಿಟ್ಟಿಳಿಸಲು ಒಂದು ಸೌಟು ಜೋನಿ ಬೆಲ್ಲ.
ನೀರು ಹಾಕಲಿಲ್ಲ. ಮಾಂಸಕ್ಕೆ ತನ್ನದೇ ನೀರಿದೆ,
ಸುಮ್ಮನೆ ಕೂರಿಸಿದರೆ ಹೊರಗೆ ಬರುತ್ತದೆ,
ಕೆಲವರ ಮಾತಿನ ಹಾಗೆ.

ಗುಂಡಿಯನ್ನು ಲೋ ಎಂಬಲ್ಲಿಗೆ ತಿರುಗಿಸಿದೆ.
ಘಾಟಿ ಹತ್ತುವ ಎಂಜಿನ್ನು ಗೊತ್ತು ನನಗೆ.
ಇದು ಐಡ್ಲಿಂಗು. ರಾತ್ರಿಯಿಡೀ ಬರೀ ಐಡ್ಲಿಂಗು.
ನಂಬಿಕೆ ಸಾಲದೆ ಶೆಡ್ಡಿನಲ್ಲೇ ಮಲಗಿದೆ.

ಎರಡೂವರೆಗೆ ಕರೆಂಟು ಹೋಯಿತು.
ಕೆಂಪು ದೀಪ ಆರಿದ್ದಕ್ಕೇ ಎಚ್ಚರವಾಯಿತು ಅಂದರೆ ನಂಬಬೇಕು.
ಮುಚ್ಚಳ ಮಾತ್ರ ತೆಗೆಯಬೇಡಿ ಅಂದಿದ್ದ ಹುಡುಗ.
ಗೋಣಿ ಸುತ್ತಿದೆ, ಅದರ ಮೇಲೆ ನನ್ನ ಹೊದಿಕೆ,
ಅದರ ಮೇಲೆ ಎರಡೂ ಅಂಗೈ ಇಟ್ಟು ಕೂತೆ.
ಸಾಗರ ರಸ್ತೆಯಲ್ಲಿ ಮೀನಿನ ಲಾರಿಯೊಂದು ಹೋಯಿತು.
ಹುಲಿಕಲ್ ಘಾಟಿಯಲ್ಲಿ ಆಕ್ಸಲ್ ಮುರಿದ ಆ ರಾತ್ರಿ
ತನ್ನ ಕಂಬಳಿ ನನಗೆ ಹೊದೆಸಿ
ಟಾರ್ಪಾಲಿನೊಳಗೆ ತೂರಿಕೊಂಡಿದ್ದ ದುಗ್ಗಪ್ಪ.
ಆ ಮಾತನ್ನು ಇದುವರೆಗೆ
ಅವನೂ ಎತ್ತಿಲ್ಲ, ನಾನೂ.
ನಾಲ್ಕಕ್ಕೆ ದೀಪ ಬಂತು.

ಬೆಳಿಗ್ಗೆ ಎರಡು ಫೋರ್ಕು ಹಿಡಿದು ನಿಂತೆ. ಬೇಕಾಗಲಿಲ್ಲ.
ಮುಟ್ಟಿದಲ್ಲಿ ಬಿಟ್ಟುಕೊಟ್ಟಿತು ಎಳೆ ಎಳೆಯಾಗಿ,
ಕಾಟನ್ ವೇಸ್ಟು ಬಿಡಿಸಿದ ಹಾಗೆ.
ಬೇಕರಿಯ ಬನ್ನು ಸೀಳಿ, ಒಳಮೈ ರಸಕ್ಕೆ ಅದ್ದಿ, ತುಂಬಿದೆ.
ಈರುಳ್ಳಿ ಹೆಚ್ಚಿದ್ದೆ, ನೆನಪಾಗಿ ಪಕ್ಕಕ್ಕೆ ತಳ್ಳಿದೆ.

ದುಗ್ಗಪ್ಪ ಬನ್ನು ತೆರೆದು ನೋಡಿದ.
"ಇದೆಂಥದು ಮಾರಾಯ, ಹಂದಿ ಉಪ್ಪಿಟ್ಟಾ?"
ಒಂದು ತಿಂದ. ಕಣ್ಣಲ್ಲಿ ನೀರು, ಸೂಜಿಮೆಣಸಿನದು.
ಇನ್ನೊಂದು. ಮೂರನೆಯದಕ್ಕೆ ಕೇಳದೆ ಕೈಹಾಕಿದ.
ನಾನೂ ಹಲ್ಲು ತಾಗಿಸದೆ ನಾಲಿಗೆಯಲ್ಲೇ ಒತ್ತಿ ತಿಂದೆ.
ಶೆಡ್ಡಿನಲ್ಲಿ ಸದ್ದೇ ಇಲ್ಲ.
ಯಾರೋ ಕೀ ಆಫ್ ಮಾಡಿಹೋದ ಹಾಗೆ.
ಅದು ನನ್ನ ಮುಖದಲ್ಲಿ ಕಂಡಿರಬೇಕು.

ಎದ್ದು ಕೈ ತೊಳೆದು, ಜೇಬಿನಿಂದ ಮಾತ್ರೆ ಡಬ್ಬಿ ತೆಗೆದು
ನನ್ನ ಕಿವಿಯ ಹತ್ತಿರ ಗಲಗಲ ಆಡಿಸಿದ.
"ಸದ್ದಿಗೆ ಇದಿದೆಯಲ್ಲ" ಅಂದ.
"ಮುಂದಿನ ವಾರ ಪೂರ್ತಿ ಹಿಡಿ ಹಾಕು."